ಮರಳಲ್ಲಿ ಸಿಕ್ಕಿದ ವಿಶಲ್

ಆ ಕಿಟಕಿ ಸ್ವಲ್ಪ ಎಳೆದುಬಿಡಿ. ಗಾಳಿಗೆ ಅದು ಹಾಗೆ ಬಡ್ಕೊಳ್ತಾ ಇದ್ರೆ ನನಗೆ ಹೇಳೋಕಾಗಲ್ಲ... ಹಾಂ. ಈಗ ಸರಿ.

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆಗಿದ್ದು. ಯಾರೋ ಯಾರಿಗೋ ಹೇಳಿ, ದಾರೀಲಿ ಬಾಲ ಬೆಳೆಸ್ಕೊಂಡು ಬಂದ ಕತೆ ಅಲ್ಲ. ಅರ್ಧ ಅವನ ಬಾಯಿಂದಲೇ ಕೇಳಿದ್ದು. ಉಳಿದರ್ಧಕ್ಕೆ ನಾನೇ ಸಾಕ್ಷಿ.

ರಾತ್ರಿ ಒಂದೂವರೆ. ಅಣ್ಣ ಸಮುದ್ರದ ಕಡೆಯಿಂದ ಮನೆಗೆ ವಾಪಸ್ ಬರ್ತಿದ್ದ. ಮರಳು ಮುಗಿದು ಪಾರ್ಕ್ ಶುರುವಾಗೋ ಕಡೆ ಒಂದು ಹಳೇ ಬಾವಿ ಇದೆ. ಈಗ ನೀರು ಸೇದೋರು ಯಾರೂ ಇಲ್ಲ. ಮೇಲೆ ಕಬ್ಬಿಣದ ಜಾಲರಿ ಬಿಗಿದು ಬೀಗ ಹಾಕಿದ್ದಾರೆ. ಅದರ ಪಕ್ಕದಲ್ಲೇ ಕಾಲುದಾರಿ. ಅಣ್ಣನ ಕೈಯಲ್ಲಿ ಕುಂಡಕ್ಕೆ ಮಣ್ಣು ಹಾಕೋ ಸಣ್ಣ ಸಲಿಕೆ. ಷರ್ಟಿನ ಜೇಬಲ್ಲಿ, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಸಾಮಾನು. ಅದನ್ನ ಹೂತು ಬರೋಣ ಅಂತ ಹೋಗಿದ್ದ. ಧೈರ್ಯ ಸಾಲದೆ ಹಾಗೇ ವಾಪಸ್ ಬರ್ತಿದ್ದ.

ಬಾವಿ ದಾಟಿದ. ನಾಲ್ಕು ಹೆಜ್ಜೆ ಇಟ್ಟಿರಬಹುದು...

ಸರ್ರ್... ಸರ್ರ್... ಟಪ್.

ನಿಂತುಬಿಟ್ಟ.

ಅಲೆ ಅಲ್ಲ ಅದು. ಅಲೆಗೆ ಟಪ್ ಇರಲ್ಲ. ಮರಳನ್ನ ಜರಡಿಗೆ ಹಾಕಿ ಎರಡು ಸಲ ಆಡಿಸಿ, ಆಮೇಲೆ ಅಂಗೈಯಿಂದ ಅಂಚಿಗೆ ಒಂದು ಏಟು ಹಾಕಿದ್ರೆ ಬರೋ ಶಬ್ದ. ಅಣ್ಣನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆ ಶಬ್ದ ಮಾಡ್ತಿದ್ದವರು ಯಾರು ಅಂತಾನೂ ಗೊತ್ತಿತ್ತು.

ಅವರು ತೀರಿಕೊಂಡು ಹದಿನೇಳು ದಿನ ಆಗಿತ್ತು.

ತಡೀರಿ, ಮೊದಲಿಂದ ಹೇಳ್ತೀನಿ. ಇಲ್ಲದಿದ್ರೆ ಅವನು ಯಾಕೆ ಹಾಗೆ ನಿಂತುಬಿಟ್ಟ ಅಂತ ನಿಮಗೆ ಗೊತ್ತಾಗಲ್ಲ.

ಅಣ್ಣನಿಗೆ ಸರ್ಕಾರಿ ಆಸ್ಪತ್ರೇಲಿ ಕೆಲಸ. ಕಿವಿ ಪರೀಕ್ಷೆ ಮಾಡೋದು. ನೆಲಮಾಳಿಗೇಲಿ ಒಂದು ಪುಟ್ಟ ಕೋಣೆ, ಗೋಡೆಗೆಲ್ಲ ಸ್ಪಂಜು, ಬಾಗಿಲು ಒಂದು ಗೇಣು ದಪ್ಪ. ಒಳಗೆ ಕೂತ್ರೆ ನಮ್ಮ ಉಗುಳು ನುಂಗೋ ಶಬ್ದ ನಮಗೇ ಕೇಳಿಸುತ್ತೆ. ಬಂದವರನ್ನ ಅಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಇವನು ಗಾಜಿನ ಆಚೆಯಿಂದ ಶಬ್ದ ಕಳಿಸ್ತಾನೆ. ಕೇಳಿಸಿದಾಗ ಗುಂಡಿ ಒತ್ತಬೇಕು. ಅತ್ತಿಗೆ ತಮಾಷೆ ಮಾಡ್ತಿದ್ರು: "ಊರವರ ಕಿವಿಯೆಲ್ಲ ಅಳೀತಾರೆ, ಅಡುಗೆಮನೆಯಿಂದ ನಾನು ಕೂಗಿದ್ರೆ ಮಾತ್ರ ಇವರಿಗೆ ಕೇಳಿಸಲ್ಲ."

ಅವನಿಗೆ ಇದ್ದದ್ದು ಒಂದೇ ಹುಚ್ಚು. ಲೋಹ ಹುಡುಕೋ ಯಂತ್ರ. ಉದ್ದ ಕೋಲು, ಕೆಳಗೆ ತಟ್ಟೆ, ಕಿವಿಗೆ ಹೆಡ್‌ಫೋನ್. ಭಾನುವಾರ ಬಂತು ಅಂದ್ರೆ ಸಮುದ್ರದ ದಂಡೇಲಿ ಮರಳು ಗುಡಿಸೋರ ಹಾಗೆ ಅತ್ತಿಂದಿತ್ತ ನಡೀತಿದ್ದ. ಕಬ್ಬಿಣ ಇದ್ರೆ "ಕೊಂಯ್" ಅನ್ನುತ್ತಂತೆ, ಹಿತ್ತಾಳೆಗೆ "ಟಿಂಯ್". ಸಿಗ್ತಿದ್ದದ್ದು ಏನು? ಸೋಡಾ ಮುಚ್ಚಳ, ಬೀಗದ ಕೈ, ಕೊಡೆ ಕಡ್ಡಿ, ಒಂದು ಸಲ ಯಾರದೋ ಕಟ್ಟಿಸಿದ ಹಲ್ಲು. ಎಲ್ಲ ತೊಳೆದು ಒರೆಸಿ ಗಾಜಿನ ಬೀರುವಲ್ಲಿ ಜೋಡಿಸಿ ಇಡೋನು. ಮನೆಮಂದಿಯೆಲ್ಲ ಅವನಿಗೆ ಗುಜರಿ ಅಣ್ಣ ಅಂತಾನೇ ಹೆಸರಿಟ್ಟಿದ್ವಿ. ಬೇಜಾರು ಮಾಡ್ಕೊಳ್ತಿರಲಿಲ್ಲ, ಪಾಪ.

ಅಲ್ಲೀವರೆಗೂ ತಪ್ಪೇನಿಲ್ಲ. ದಂಡೆಯ ಆ ಭಾಗದಲ್ಲಿ ಯಾರು ಬೇಕಾದ್ರೂ ಹುಡುಕಬಹುದು. ಆದ್ರೆ ಕಪ್ಪು ಬಂಡೆಗಳ ಆಚೆ ಹೋಗೋ ಹಾಗಿಲ್ಲ. ಅಲ್ಲಿ ಬೋರ್ಡಿದೆ: ಅಗೆಯಬಾರದು, ಲೋಹ ಹುಡುಕುವ ಯಂತ್ರ ತರಬಾರದು. ಇಪ್ಪತ್ತಾರು ವರ್ಷದ ಹಿಂದೆ ಅಲ್ಲೇ ಒಂದು ಲಾಂಚು ಮುಳುಗಿತ್ತು. ದಡ ಕಣ್ಣಿಗೆ ಕಾಣ್ತಿತ್ತಂತೆ, ಅಷ್ಟು ಹತ್ತಿರ. ಎಷ್ಟೋ ಜನ ಸಿಗಲೇ ಇಲ್ಲ. ಹಾಗಾಗಿ ಆ ಮರಳು ಅವರ ಮನೆಯವರಿಗೆ ಸಮಾಧಿ ಇದ್ದ ಹಾಗೆ. ಬಂಡೆ ಮೇಲೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದ್ದಾರೆ. ಮೂವತ್ತೊಂದು ಹೆಸರು.

ಲಾಂಚಿನ ಕಂಡಕ್ಟರ್ ಹೆಸರು ಅದರಲ್ಲಿ ಇರಲಿಲ್ಲ.

ಯಾಕೆ ಅಂದ್ರೆ ಜನ ಆಡ್ಕೊಂಡಿದ್ರು. ಅಪಾಯ ಅಂದಾಗ ವಿಶಲ್ ಊದಬೇಕಾದವನು ಅವನು, ಊದಲೇ ಇಲ್ಲ, ಎಲ್ಲರಿಗಿಂತ ಮೊದಲು ಹಾರಿ ಈಜಿ ಓಡಿಹೋದ, ಎಲ್ಲೋ ಇನ್ನೊಂದು ಸಂಸಾರ ಮಾಡ್ಕೊಂಡು ಆರಾಮಾಗಿದ್ದಾನೆ ಅಂತ. ಹೆಣ ಸಿಕ್ಕಿರಲಿಲ್ಲವಲ್ಲ. ನಾಲಿಗೆಗೆ ಮೂಳೆ ಇಲ್ಲ ನೋಡಿ.

ಅವನ ಹೆಂಡತಿ ನಂಬಲಿಲ್ಲ. ಅವತ್ತಿಂದ ದಿನಾ ಬೆಳಗ್ಗೆ ಒಂದು ಜರಡಿ ಹಿಡ್ಕೊಂಡು ಆ ದಂಡೆಗೆ ಬರ್ತಿದ್ರು. ಮರಳು ಜಾಲಿಸೋರು, ಭಾನುವಾರ ಬಂಡೆ ಈಚೆಯಿಂದ ಅಣ್ಣನಿಗೂ ಆ ಶಬ್ದ ಕೇಳಿಸೋದು. ಜಾಲಿಸಿದ್ದನ್ನ ಪುಟ್ಟ ಪುಟ್ಟ ಗುಡ್ಡೆ ಮಾಡಿ ಮುಂದೆ ಹೋಗೋರು. ಸಂಜೆ ಹೊತ್ತಿಗೆ ಸಮುದ್ರ ಗುಡ್ಡೆಯೆಲ್ಲ ಕಲಸಿಬಿಡೋದು. ಕಾವಲಿನವರೂ ಅವರನ್ನ ಬೇಡ ಅಂತಿರಲಿಲ್ಲ. ವಾಕಿಂಗ್ ಬರೋರು ಜರಡಿಯಮ್ಮ ಅಂತ ಕರೀತಿದ್ರು. "ಏನು ಹುಡುಕ್ತೀರಮ್ಮ?" ಅಂದ್ರೆ, "ನಮ್ಮನೆಯವರ ವಿಶಲ್" ಅಂತಿದ್ರು.

ಅಣ್ಣ ಬಂಡೆ ದಾಟಿದ್ದು ಒಂದು ಅಮಾವಾಸ್ಯೆ ರಾತ್ರಿ. "ಸೋಡಾ ಮುಚ್ಚಳ ಎತ್ತಿ ಎತ್ತಿ ಸಾಕಾಗಿತ್ತು ಕಣೇ," ಅಂದ ನನ್ನ ಹತ್ರ. "ಒಂದೇ ಸಲ ನೋಡಿ ಬರೋಣ ಅನ್ನಿಸ್ತು." ಯಂತ್ರವನ್ನ ಬಿಚ್ಚಿ ಕ್ರಿಕೆಟ್ ಬ್ಯಾಗಲ್ಲಿ ತುಂಬ್ಕೊಂಡು ಹೋದ. ಹತ್ತು ನಿಮಿಷಕ್ಕೇ... ಟಿಂಯ್. ಮೊಳಕೈ ಆಳಕ್ಕೆ ತೋಡಿದ. ಕೈಗೆ ಬಂತು.

ಹಿತ್ತಾಳೆ ವಿಶಲ್.

ಮನೆಗೆ ತಂದು ತೊಳೆದ. ಒಂದು ಪಕ್ಕದಲ್ಲಿ ಹದಿನಾಲ್ಕು ಅಂತ ನಂಬರ್ ಒತ್ತಿತ್ತು, ಲಾಂಚಿನವರು ಕೊಟ್ಟಿದ್ದು. ಬಾಯಿಗಿಡೋ ಕಡೆ ಎರಡೂ ಬದಿ ಒಳಗೆ ಹೋಗಿತ್ತು. ಹಲ್ಲಿನ ಗುರುತು. ಮೇಲೆ ಎರಡು, ಕೆಳಗೆ ಮೂರು. ಹಿತ್ತಾಳೆ ಹಾಗೆ ಬಗ್ಗಬೇಕಾದ್ರೆ ಮನುಷ್ಯ ಎಷ್ಟು ಗಟ್ಟಿಯಾಗಿ ಕಚ್ಚಿರಬೇಕು ಹೇಳಿ... ಎಷ್ಟು ಹೊತ್ತು ಕಚ್ಚಿರಬೇಕು... ಅಣ್ಣ ಬಾಯಿಗಿಟ್ಟು ಊದಿ ನೋಡಿದ. ಹುಸ್ ಅಂತು, ಅಷ್ಟೇ. ಒಳಗಿನ ಬೆಂಡಿನ ಗುಂಡು ಕೊಳೆತುಹೋಗಿತ್ತು.

ಅವನಿಗೆ ಆ ಕ್ಷಣಕ್ಕೇ ಎಲ್ಲ ಗೊತ್ತಾಯ್ತು. ಓಡಿಹೋದವನು ವಿಶಲ್ ಕಚ್ಚಿಕೊಂಡು ಅಲ್ಲೇ ಇರಲ್ಲ.

ಅತ್ತಿಗೆ ನೋಡಿದ್ರು. "ನಾಳೆ ಬೆಳಗ್ಗೇನೇ ಹೋಗಿ ಕೊಟ್ಟುಬಿಡಿ," ಅಂದ್ರು.

"ಎಲ್ಲಿ ಸಿಕ್ತು ಅಂತ ಕೇಳ್ತಾರೆ."

"ಹೇಳಿ."

"ಹೇಳಿದ್ರೆ ಕೇಸ್ ಆಗುತ್ತೆ. ಸರ್ಕಾರಿ ಕೆಲಸ ಕಣೇ, ಮನೆಗೆ ಕಳಿಸ್ತಾರೆ."

"ಹಾಗಿದ್ರೆ ಹೆಸರು ಬರೀದೆ ಅಂಚೇಲಿ ಹಾಕಿ."

ಅಣ್ಣ ತಲೆ ಅಲ್ಲಾಡಿಸಿದ. ಅವನಿಗೆ ಗೊತ್ತಿತ್ತು. ಎಲ್ಲಿ ಸಿಕ್ತು, ಯಾರಿಗೆ ಸಿಕ್ತು, ಎಷ್ಟು ಆಳದಲ್ಲಿತ್ತು ಅಂತ ಒಬ್ಬ ಮನುಷ್ಯ ಎದ್ದು ನಿಂತು ಹೇಳಿದ್ರೆ ಮಾತ್ರ ಅದಕ್ಕೆ ಬೆಲೆ. ಇಲ್ಲದಿದ್ರೆ ಅದೊಂದು ಹಿತ್ತಾಳೆ ಚೂರು. ಆ ಮನುಷ್ಯ ತಾನೇ ಆಗಬೇಕು. "ಬಡ್ತಿ ಪಟ್ಟಿ ಬಂದುಬಿಡಲಿ," ಅಂದ. ವಿಶಲ್ಲನ್ನ ಬೀರುವಲ್ಲಿ ಇಡಲಿಲ್ಲ. ಕರವಸ್ತ್ರದಲ್ಲಿ ಸುತ್ತಿ ಬಟ್ಟೆ ಕೆಳಗೆ ತುರುಕಿದ. ತಪ್ಪು ಅಂತ ಗೊತ್ತಿಲ್ಲದವನು ಹಾಗೆ ಬಚ್ಚಿಡ್ತಾನಾ?

ನಾಲ್ಕನೇ ದಿನ ಆಸ್ಪತ್ರೇಲಿ ಟೋಕನ್ ಕೂಗಿದ. ಒಳಗೆ ಬಂದವರು ಜರಡಿಯಮ್ಮ. ಜೊತೆಗೆ ಮಗಳು, ದರ್ಜಿ ಕೆಲಸದವಳು, ಕುತ್ತಿಗೇಲಿ ಅಳತೆ ಟೇಪು ಹಾಗೇ ನೇತಾಡ್ತಿತ್ತು. "ಅಮ್ಮನಿಗೆ ಕಿವಿ ಪೂರ್ತಿ ಮಂದ ಆಗಿದೆ ಸಾರ್, ಒಂದು ಯಂತ್ರ ಹಾಕಿಸಿಕೊಡಿ" ಅಂದಳು.

ಅಣ್ಣ ಅವರನ್ನ ಆ ಕೋಣೇಲಿ ಕೂರಿಸಿದ. ಬಾಗಿಲು ಹಾಕಿದ. ಶಬ್ದ ಕಳಿಸಿದ... ಗುಂಡಿ ಒತ್ತಲಿಲ್ಲ. ಹೆಚ್ಚು ಮಾಡಿದ... ಒತ್ತಲಿಲ್ಲ. ಇನ್ನೂ ಹೆಚ್ಚು ಮಾಡಿದ... ಇಲ್ಲ. ಬರ್ಕೊಳ್ಳೋಣ ಅಂತ ಎಲ್ಲ ನಿಲ್ಲಿಸಿದ. ಆಗ ದೀಪ ಹತ್ತಿತು. ಅಮ್ಮ ಗುಂಡಿ ಒತ್ತಿದ್ರು. ಎರಡು ಸಲ.

ಇವನು ಮೈಕಿನಲ್ಲಿ ಜೋರಾಗಿ ಕೇಳಿದ: "ಏನು ಕೇಳಿಸ್ತಮ್ಮ?"

"ನಮ್ಮನೆಯವರು ವಿಶಲ್ ಊದಿದ್ರು ಕಣಪ್ಪ," ಅಂದ್ರು ಆ ತಾಯಿ, ಗಾಜಿನೊಳಗಿಂದ ಇವನ ಮುಖಾನೇ ನೋಡ್ತಾ. "ನಿಂಗೆ ಕೇಳಿಸಲಿಲ್ವಾ?"

ಅಣ್ಣನ ಕೈಯಿಂದ ಪೆನ್ನು ಬಿತ್ತು. "ಇಲ್ಲಮ್ಮ," ಅಂದ.

ಆಮೇಲೆ ಇನ್ನೆರಡು ಸಲ ಬಂದ್ರು, ಅಳತೆಗೆ ಅಂತ. ಎರಡು ಸಲಾನೂ ಇವನ ತಲೆ ಸವರಿ, ಒಳ್ಳೇ ಕೆಲಸ ಮಾಡ್ತೀಯಪ್ಪ, ಚೆನ್ನಾಗಿರು ಅಂದು ಹೋದ್ರು. ಎರಡು ಸಲಾನೂ ಇವನ ನಾಲಿಗೆ ತುದಿಗೆ ಬಂದಿದ್ದು ಅಲ್ಲೇ ಉಳೀತು. ಯಂತ್ರ ಮಂಜೂರಾಯ್ತು. ಹಾಕೋ ದಿನ ಗೊತ್ತಾಯ್ತು. ಅವತ್ತು ಹೇಳೇಬಿಡ್ತೀನಿ ಅಂತ ವಿಶಲ್ಲನ್ನ ಜೇಬಲ್ಲಿ ಇಟ್ಕೊಂಡೇ ಕೆಲಸಕ್ಕೆ ಹೋಗಿದ್ದನಂತೆ. ದೇವರಾಣೆಗೂ ಹೇಳೋನಿದ್ದೆ ಅಂತಾನೆ. ನಾನು ನಂಬ್ತೀನಿ.

ಅವತ್ತು ಮಗಳೊಬ್ಬಳೇ ಬಂದಳು. ಟೋಕನ್ ಚೀಟಿ ಮೇಜಿನ ಮೇಲಿಟ್ಟಳು.

"ಇದನ್ನ ಬೇರೆ ಯಾರಿಗಾದ್ರೂ ಕೊಡಿ ಸಾರ್. ಅಮ್ಮ ಭಾನುವಾರ ಹೋಗಿಬಿಟ್ರು."

ಆಗಲೂ... ಆಗಲೂ ಜೇಬಿಗೆ ಕೈ ಹಾಕಲಿಲ್ಲ ಅವನು.

ಅಲ್ಲಿಂದ ಶುರುವಾಯ್ತು ನೋಡಿ. ಒಂದು ಸಂಜೆ, ಎಲ್ಲರೂ ಹೋದ ಮೇಲೆ, ಹೆಡ್‌ಫೋನ್ ಸರಿ ಇದೆಯಾ ಅಂತ ನೋಡೋಕೆ ಆ ಕೋಣೆಯೊಳಗೆ ಕೂತು ಕಿವಿಗೆ ಹಾಕ್ಕೊಂಡ. ಸರ್ರ್... ಸರ್ರ್... ಟಪ್. ಎಲ್ಲೋ ತಂತಿ ಸಡಿಲ ಇರಬೇಕು ಅಂತ ಎದ್ದು ನೋಡಿದ. ತಂತಿ ಯಂತ್ರಕ್ಕೆ ಸಿಕ್ಕಿಸೇ ಇರಲಿಲ್ಲ. ಸುರುಳಿ ಸುತ್ತಿ ಅವನ ತೊಡೆ ಮೇಲೇ ಬಿದ್ದಿತ್ತು.

ಊಟ ಸೇರಲಿಲ್ಲ. ನಿದ್ದೆ ಬಿಟ್ಟ. ಹದಿನೇಳನೇ ರಾತ್ರಿ ಎದ್ದು ಹೊರಟ. ಆಗಲಾದ್ರೂ ಹೋಗಿ ಮಗಳ ಕೈಗೆ ಕೊಡೋ ಬುದ್ಧಿ ಬಂತಾ? ಇಲ್ಲ. ಸಿಕ್ಕ ಜಾಗದಲ್ಲೇ ಹೂತುಬಿಟ್ರೆ ನಂದೇನೂ ಬಾಕಿ ಇರಲ್ಲ ಅಂದ್ಕೊಂಡ. ಕದ್ದವನು ಕದ್ದ ಜಾಗದಲ್ಲೇ ಇಟ್ರೆ ಕಳ್ಳತನ ಅಳಿಸಿಹೋಗುತ್ತೆ ಅನ್ನೋ ಹಾಗೆ. ಆದ್ರೆ ಬಂಡೆ ಹತ್ರ ಹೋದ್ರೆ ಕಾಲು ಮುಂದೆ ಬರಲಿಲ್ಲ. ತಿರುಗಿದ. ಬಾವಿ ದಾಟಿದ...

ಅಲ್ಲಿ ಕೇಳಿಸಿದ್ದು ಅದು.

ಸರ್ರ್... ಸರ್ರ್... ಟಪ್.

"ಓಡಬೇಕು ಅನ್ನಿಸಲಿಲ್ವಾ ಅಣ್ಣಾ?" ಅಂತ ಕೇಳಿದ್ದೆ ನಾನು. "ಓಡಿದ್ರೆ ಮನೆಗೇ ಬರುತ್ತೆ ಅನ್ನಿಸ್ತು ಕಣೇ," ಅಂದ.

ವಾಪಸ್ ತಿರುಗಿದ. ಬಂಡೆ ದಾಟಿದ. ಪಾರ್ಕಿನ ದೀಪದ ಬೆಳಕು ಅಲ್ಲಿಗೆ ಅರೆಬರೆ ಬೀಳುತ್ತೆ. ಮರಳ ಮೇಲೆ ಸಾಲಾಗಿ ಗುಡ್ಡೆಗಳು. ಪುಟ್ಟವು, ಚೂಪು ತಲೆಯವು. ಮುಟ್ಟಿ ನೋಡಿದ. ಒಣ ಮರಳು. ಸುತ್ತಲಿನ ಮರಳೆಲ್ಲ ಒದ್ದೆ. ಸಾಲು ಬೆಳಕು ಮುಗಿಯೋವರೆಗೂ ಹೋಗಿತ್ತು. ಶಬ್ದ ಬೆಳಕಿನ ಆಚೆಯಿಂದ ಬರ್ತಿತ್ತು.

"ಅಮ್ಮಾ..." ಪಿಸುಗುಟ್ಟಿದ. ಕಾವಲಿನವನಿಗೆ ಕೇಳಿಸಬಾರದಲ್ಲ. ಆಗಲೂ ಆ ಹೆದರಿಕೆ.

ಸರ್ರ್... ಸರ್ರ್... ಟಪ್.

"ಅಮ್ಮಾ, ಅದು ಅಲ್ಲಿಲ್ಲ."

ಸರ್ರ್...

ನಿಂತಿತು.

"ನನ್ನ ಹತ್ರ ಇದೆ."

ಒಂದು ಅಲೆ ಬಂದು ಹೋಯ್ತು. ಇನ್ನೊಂದು ಬಂತು...

"ಏನಪ್ಪಾ?"

ಅದೇ ದನಿ. ಕಿವಿ ಮಂದ ಇರೋರು ಮಾತಾಡ್ತಾರಲ್ಲ, ಸ್ವಲ್ಪ ಏರಿಸಿ, ಹಾಗೆ. ಕೋಪ ಇರಲಿಲ್ಲವಂತೆ. "ಜೋರಾಗಿ ಹೇಳಪ್ಪ. ನಂಗೆ ಕೇಳಿಸಲ್ಲ."

"ವಿಶಲ್ ನನ್ನ ಹತ್ರ ಇದೆ ಅಮ್ಮ."

"ಇನ್ನೂ ಜೋರಾಗಿ."

ಅಣ್ಣ ಮಂಡಿಯೂರಿಬಿಟ್ಟ. ಕೂಗಿದ. ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿರಲಿಲ್ಲವಂತೆ.

"ವಿಶಲ್ ನಾನೇ ತಗೊಂಡಿದ್ದು! ಇಲ್ಲೇ ಅಗೆದು ತಗೊಂಡೆ! ನಿಮ್ಮೆದುರು ಕೂತು ಸುಳ್ಳು ಹೇಳಿದೆ! ಅವರು ಓಡಿಹೋಗಿಲ್ಲ ಅಮ್ಮ! ಕಚ್ಚಿ ಹಿಡ್ಕೊಂಡಿದ್ರು! ಊದಿದ್ದಾರೆ! ಊದಿದ್ದಾರೆ!"

ಜೇಬಿಂದ ಕರವಸ್ತ್ರದ ಗಂಟು ತೆಗೆದು ಕತ್ತಲ ಕಡೆಗೆ ಹಿಡಿದ.

"ಹಾಂ..." ಅಂತು ಆ ದನಿ. "ಈಗ ಕೇಳಿಸ್ತು."

ಅಷ್ಟೇ. ಆಮೇಲೆ ಬರೀ ಸಮುದ್ರ.

"ಯಾರ್ರೀ ಅದು?" ಅಂತ ಟಾರ್ಚು ಬಿತ್ತು. ಕಾವಲಿನವನು. ಅದೇ ವಾರ ಬೇರೆ ಕಡೆಯಿಂದ ಬಂದು ಕೆಲಸಕ್ಕೆ ಸೇರಿದವನು. ಅಣ್ಣ ಎದ್ದು ಓಡಲಿಲ್ಲ. ಸಲಿಕೆ ಕೆಳಗಿಟ್ಟ. ಕರವಸ್ತ್ರ ಬಿಚ್ಚಿ ವಿಶಲ್ಲನ್ನ ಅಂಗೈ ಮೇಲೆ ಇಟ್ಟು ತೋರಿಸಿದ. "ಇದನ್ನ ನಾನು ಇಲ್ಲಿಂದ ಕದ್ದಿದ್ದೆ. ಬರ್ಕೊಳ್ಳಿ," ಅಂದ.

ಬರ್ಕೊಂಡ್ರು. ಲೋಹ ಹುಡುಕೋ ಯಂತ್ರ ಜಪ್ತಿಯಾಯ್ತು, ಗಾಜಿನ ಬೀರು ಖಾಲಿಯಾಯ್ತು. ಆರು ತಿಂಗಳು ಸಸ್ಪೆಂಡ್ ಮಾಡಿದ್ರು, ಬಡ್ತಿ ಮಾತು ಬಿಡಿ. ಮೂರು ಸಲ ವಿಚಾರಣೆ ಆಯ್ತು. ಮೂರು ಸಲಾನೂ ಎಲ್ಲರೆದುರು ಎದ್ದು ನಿಂತು, ಎಲ್ಲಿ, ಯಾವಾಗ, ಎಷ್ಟು ಆಳ ಅಂತ ಒಂದಕ್ಷರ ಬಿಡದೆ ಹೇಳಿದ. ಹಲ್ಲಿನ ಗುರುತನ್ನ ಭೂತಗನ್ನಡಿ ಹಿಡಿದು ನೋಡಿದ್ರು. ಮಳೆಗಾಲ ಕಳೆದ ಮೇಲೆ ಆ ಕಲ್ಲಿನ ಕೊನೇಲಿ ಒಂದು ಹೆಸರು ಸೇರಿಸಿದ್ರು. ಅಕ್ಷರ ಹೊಸದು, ಇನ್ನೂ ಬೆಳ್ಳಗಿದೆ. ನೋಡಬೇಕಾದ ಒಬ್ಬರು ನೋಡಲಿಲ್ಲ ಅಂತ ಅಣ್ಣ ಇವತ್ತಿಗೂ ಆ ಕಡೆ ತಲೆಯೆತ್ತಿ ನಡೆಯಲ್ಲ.

ಹಾಂ, ಕೆಲವರು ಅಂತಾರೆ. ಮನಸ್ಸಿನ ಕಳವಳ ಕಣ್ರೀ, ತಪ್ಪು ಮಾಡಿದ ಕಿವಿಗೆ ಎಲ್ಲವೂ ಕೇಳಿಸುತ್ತೆ ಅಂತ. ನಾನೂ ಹಾಗೇ ಅಂದ್ಕೊಂಡಿದ್ದೆ. ಮೂರನೇ ದಿನದವರೆಗೂ.

ಅಣ್ಣ ಒಪ್ಪಿಕೊಂಡ ಮೂರನೇ ದಿನ ಕಾವಲಿನವನ ಕೋಣೆಗೆ ನಾವು ಮೂವರು ಹೋಗಿದ್ವಿ. ವಿಶಲ್ ಇನ್ನೂ ಅಲ್ಲೇ ಲಕೋಟೇಲಿತ್ತು, ಮಗಳು ಒಂದು ಸಲ ನೋಡಬೇಕು ಅಂದಿದ್ದಳು. ಅಣ್ಣ ಒಬ್ಬನೇ ಅವಳ ಮುಖ ನೋಡಲಾರೆ ಅಂತ ನನ್ನ ಕರ್ಕೊಂಡು ಹೋದ. ಅವಳು ಬೈಯಲಿಲ್ಲ. ಆ ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳಿಟ್ಟು ಕೂತಿದ್ದಳು, ಬಹಳ ಹೊತ್ತು. ಕಾವಲಿನವನು ನಮಗೆ ಟೀ ತರಿಸಿದ. ಆಮೇಲೆ ಸುಮ್ಮನೆ ಮಾತಿಗೆ ಅನ್ನೋ ಹಾಗೆ ಅಣ್ಣನ್ನ ಕೇಳಿದ:

"ಅವತ್ತು ನಿಮ್ಮ ಜೊತೆ ಇದ್ದ ಅಜ್ಜಿ ಸರಿಯಾಗಿ ಮನೆ ಸೇರಿದ್ರಾ?"

"ಯಾವ ಅಜ್ಜಿ?" ಅಂದೆ ನಾನು.

"ನೀವು ಕೂಗಿದ್ದು ಕೇಳಿ ನಾನು ಓಡಿ ಬಂದೆನಲ್ಲ, ಆಗ ಎದುರಿಗೆ ಸಿಕ್ಕಿದ್ರು. ದಂಡೆ ಕಡೆಯಿಂದ ಬರ್ತಿದ್ರು. ನೀಲಿ ಸ್ವೆಟರ್. ಗುಂಡಿ ಎಲ್ಲ ಒಂದೊಂದು ಮನೆ ತಪ್ಪಿ ಹಾಕಿತ್ತು, ಕೆಳಗೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಚಳಿ ಇದೆ ಅಜ್ಜಿ, ಗುಂಡಿ ಸರಿ ಮಾಡ್ಕೊಳ್ಳಿ ಅಂದೆ."

ಮಗಳು ತಲೆ ಎತ್ತಿದಳು.

"ಅಮ್ಮನಿಗೆ ಕೊನೆಗೆ ಸ್ವೆಟರ್ ಹಾಕಿ ಕಳಿಸಿದ್ದು ನಾನು," ಅಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ. "ಕೈ ನಡುಗ್ತಿತ್ತು. ಬಟ್ಟೆ ಮುಚ್ಚಿ ತಗೊಂಡು ಹೋದ ಮೇಲೆ ನೆನಪಾಯ್ತು, ಗುಂಡಿ ತಪ್ಪಿದೆ ಅಂತ. ಯಾರಿಗೂ ಹೇಳಿಲ್ಲ ನಾನು."

ಕಾವಲಿನವನಿಗೆ ಏನೂ ಅರ್ಥವಾಗಲಿಲ್ಲ.

"ಸರಿ ಮಾಡ್ಕೊಂಡ್ರಾ?" ಅಂತ ಕೇಳಿದಳು ಅವಳು.

"ಮಾಡ್ಕೊಂಡ್ರಮ್ಮ," ಅಂದ ಅವನು. "ಅಲ್ಲೇ ನಿಂತು, ಒಂದೊಂದಾಗಿ ಬಿಚ್ಚಿ, ಮತ್ತೆ ಹಾಕ್ಕೊಂಡ್ರು. ಆಮೇಲೆ ಹೊರಟ್ರು."

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನಲ್ಲೇ ಕೂತಿದ್ದೆ. ಈ ಎರಡು ಕಿವಿಯಿಂದ ಕೇಳಿದ್ದು.